ಊರ ಗುಡಿ, ಊರ ಕಲ್ಲು

ನಾನು ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ನಮ್ಮ ಇಂಗ್ಲಿಷ್ ಅಧ್ಯಾಪಕರು ತಾಮಸ್ ಗ್ರೇ ಕವಿಯ ‘ಎಲಿಜಿ’ಯನ್ನು ಪಾಠ ಹೇಳುತ್ತಿದ್ದರು. 1751ರಲ್ಲಿ ಪ್ರಕಟವಾದ ಆ ಕವಿತೆ ಒಂದು ಹಳ್ಳಿಯ ಚರ್ಚಿನ ಅಂಗಳವನ್ನು ಕುರಿತದ್ದು. ಆ ಹಳ್ಳಿ ಸ್ಟೋಕ್ ಪೋಜಸ್ ಎಂದು ಹೇಳುವುದು ವಾಡಿಕೆ. ಕವಿಯ ಸಮಾಧಿಯೂ ಅಲ್ಲಿಯೇ ಇದೆ. ಪಾಠದ ನಡುವೆ ಹಿಂದಿನ ಬೆಂಚಿನ ಗೆಳೆಯನೊಬ್ಬ ಎದ್ದು, “ಸರ್, ಪ್ಯಾರಿಷ್ ಚರ್ಚು ಅಂದ್ರ ಏನ್ರಿ?” ಎಂದು ಕೇಳಿದ. ಅಧ್ಯಾಪಕರು ಒಂದು ಗಳಿಗೆ ಯೋಚಿಸಿ, “ನಿಮ್ಮೂರಾಗ ಊರ ಗುಡಿ ಐತಲ್ಲ, ಅದರಂಗ ಅಂತ ತಿಳಕೋ” ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋದರು.

ಆ ‘ಅದರಂಗ’ ಎಂಬ ಮಾತು ಅಂದಿನಿಂದ ನನ್ನ ತಲೆಯಲ್ಲಿ ಉಳಿದಿದೆ. ಎಷ್ಟರ ಮಟ್ಟಿಗೆ ಅದರಂತೆ? ಎಲ್ಲಿಯವರೆಗೆ ಅದರಂತೆ? ಮುಂದೆ ನಾನು ಕನ್ನಡವನ್ನು ಆರಿಸಿಕೊಂಡು, ಹಳಗನ್ನಡವನ್ನೂ ಶಾಸನಗಳನ್ನೂ ಪಾಠ ಹೇಳುವವನಾದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಹಳ್ಳಿಗಳನ್ನು ಸುತ್ತುವಾಗೆಲ್ಲ ಆ ಹಳೆಯ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿತ್ತು. ಅದಕ್ಕೆ ನನಗೆ ದೊರೆತ ಉತ್ತರವನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ. ಉತ್ತರದ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ.

ಒಡೆಯ, ಪಾದ್ರಿ, ಊರು

ಮಧ್ಯಯುಗದ ಇಂಗ್ಲಂಡಿನಲ್ಲಿ ಹಳ್ಳಿಯ ಚರ್ಚನ್ನು ಸಾಮಾನ್ಯವಾಗಿ ಕಟ್ಟಿಸುತ್ತಿದ್ದವನು ಆ ಊರಿನ ಒಡೆಯ. ಅಲ್ಲಿಗೆ ಪಾದ್ರಿಯನ್ನು ಸೂಚಿಸುವ ಹಕ್ಕೂ ಅನೇಕ ವೇಳೆ ಅವನದೇ. ಪಾದ್ರಿಯ ಜೀವನಕ್ಕೆ ಒಂದಿಷ್ಟು ಭೂಮಿ ಬಿಟ್ಟಿರುತ್ತಿದ್ದರು. ಊರವರು ತಮ್ಮ ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಸಲ್ಲಿಸಬೇಕಾಗಿತ್ತು. ಹತ್ತು ಸಿವುಡು ಕಟ್ಟಿದರೆ ಒಂದು ಸಿವುಡು ದೇವರದು. ಈ ಧಾನ್ಯವನ್ನು ತುಂಬಿಡಲು ಕಟ್ಟಿದ ದೊಡ್ಡ ಕಣಜಗಳು ಕೆಲವೆಡೆ ಇಂದಿಗೂ ನಿಂತಿವೆ. ಕಟ್ಟಡದ ದುರಸ್ತಿಯನ್ನೂ ಹಂಚಿಕೊಂಡಿದ್ದರು: ಪೂಜಾಸ್ಥಾನದ ಭಾಗವನ್ನು ಪಾದ್ರಿ ನೋಡಿಕೊಳ್ಳಬೇಕು, ಜನ ಕೂಡುವ ಅಂಕಣವನ್ನು ಜನರೇ ನೋಡಿಕೊಳ್ಳಬೇಕು. 1538ರಿಂದ ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ ನಾಮಕರಣ, ಮದುವೆ, ಮಣ್ಣುಕೊಟ್ಟದ್ದು ಇವನ್ನು ಬರೆದಿಡುವ ಪುಸ್ತಕವನ್ನು ಇಡಬೇಕೆಂದು ಅಪ್ಪಣೆಯಾಯಿತು. ಹೀಗೆ ಚರ್ಚು ಊರಿನ ದೇವಸ್ಥಾನವೂ ಆಯಿತು, ಊರಿನ ದಫ್ತರವೂ ಆಯಿತು.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಗೋಕಾಕದಿಂದ ಮೂಡಲಗಿಯ ಕಡೆಗೆ ಹೊರಡೋಣ. ದಾರಿಯಲ್ಲಿ ಕಲ್ಲೋಳಿ ಸಿಕ್ಕುತ್ತದೆ.

ಕಲ್ಪೊಳೆಯ ಬಸದಿ

ಕಲ್ಲೋಳಿ ಎಂದರೆ ಇಂದು ಸುತ್ತಲಿನ ಸೀಮೆಗೆ ನೆನಪಾಗುವುದು ಹನುಮಪ್ಪ. ಎಂಟುನೂರು ವರ್ಷಗಳ ಹಿಂದೆ ಆ ಊರಿನ ಕೀರ್ತಿ ಬೇರೊಂದು ದೇವರಿಂದ ಬಂದಿತ್ತು. ಶಾಸನದಲ್ಲಿ ಅದರ ಹೆಸರು ‘ಸಿಂದನ ಕಲ್ಪೊಳೆ’. ಭಾಷೆಯ ವಿದ್ಯಾರ್ಥಿಗಳಿಗೆ ಈ ಒಂದು ಹೆಸರೇ ಒಂದು ಪಾಠ. ಕಲ್ಲು ಮತ್ತು ಪೊಳೆ ಸೇರಿ ಕಲ್ಪೊಳೆ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಗಲು ಕಲ್ಹೊಳೆ. ನಮ್ಮ ಭಾಗದ ಆಡುಮಾತಿನಲ್ಲಿ ಮನೆ ಮನಿಯಾದಂತೆ ಹೊಳೆ ಹೊಳಿಯಾಗಲು ಕಲ್ಹೊಳಿ. ಕೊನೆಗೆ ಆ ಹಕಾರವೂ ಸವೆದು ಕಲ್ಲೋಳಿ. ಬ್ರಿಟಿಷರ ಕಾಲದ ಬರಹಗಳಲ್ಲಿ ಊರಿನ ಹೆಸರು ‘ಕಲ್ಹೋಳಿ’ ಎಂದೇ ಇದೆ. ನಾಲಗೆ ಸವೆದ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನೋಡುವ ಇಂಥ ಅವಕಾಶ ಎಲ್ಲ ಊರುಗಳಿಗೂ ಇರುವುದಿಲ್ಲ.

ಶಾಸನದ ಕಾಲ ಶಕ 1127, ರಕ್ತಾಕ್ಷಿ ಸಂವತ್ಸರದ ಪುಷ್ಯ ಮಾಸ. ಅಂದರೆ 1204ನೆಯ ಇಸವಿಯ ಕೊನೆ. ಇಂಗ್ಲಂಡಿನ ಜಾನ್ ಅರಸನು ನಾರ್ಮಂಡಿಯನ್ನು ಕಳೆದುಕೊಂಡದ್ದು ಅದೇ ವರ್ಷ. ಆಗ ಕುಂಡಿ ಮೂರುಸಾಸಿರ ನಾಡನ್ನು ಆಳುತ್ತಿದ್ದವರು ರಟ್ಟರು. ಅವರ ಮೊದಲ ನೆಲೆ ಸುಗಂಧವರ್ತಿ, ಅಂದರೆ ಸವದತ್ತಿ. ಆ ಹೊತ್ತಿಗೆ ವೇಣುಗ್ರಾಮ, ಅಂದರೆ ಬೆಳಗಾವಿ, ರಾಜಧಾನಿಯಾಗಿತ್ತು. ನಾಲ್ಕನೆಯ ಕಾರ್ತವೀರ್ಯನು ಅರಸ. ತಮ್ಮ ಮಲ್ಲಿಕಾರ್ಜುನನು ಯುವರಾಜ.

ಕಲ್ಪೊಳೆಯ ಒಡೆಯನ ಹೆಸರೇ ರಾಜ. ಅವನ ಅಜ್ಜನ ಹೆಸರೂ ರಾಜ. ಆ ಅಜ್ಜನ ಮಗಳು ಚಂದಲದೇವಿ ರಟ್ಟರ ಒಂದನೆಯ ಲಕ್ಷ್ಮಿದೇವನ ರಾಣಿಯಾಗಿ ಹೋದಳು. ಕಾರ್ತವೀರ್ಯ, ಮಲ್ಲಿಕಾರ್ಜುನರು ಅವಳ ಮಕ್ಕಳು. ಅಜ್ಜನ ಮಗ ಸಿಂಹನಿಗೆ ಹುಟ್ಟಿದವನು ಈ ಎರಡನೆಯ ರಾಜ. ಎಂದರೆ ಕಲ್ಪೊಳೆಯ ಒಡೆಯನು ಅರಸನಿಗೆ ಸೋದರಮಾವನ ಮಗ. ಅವನು ತನ್ನ ಊರಿನಲ್ಲಿ ಶಾಂತಿನಾಥ ತೀರ್ಥಂಕರನ ಬಸದಿಯನ್ನು ಕಟ್ಟಿಸಿದನು. ಅರಸನು ಅದಕ್ಕೆ ದತ್ತಿಯನ್ನು ಬಿಟ್ಟನು. ದತ್ತಿಯನ್ನು ಕೈಗೊಂಡವರು ಶುಭಚಂದ್ರ ಭಟ್ಟಾರಕರು. ಈ ಯತಿಗಳು ಮೂಲಸಂಘದ, ಕುಂದಕುಂದಾನ್ವಯದ, ಹನಸೋಗೆಯ ಬಳಿಗೆ ಸೇರಿದವರು. ಹನಸೋಗೆ ಇರುವುದು ಮೈಸೂರು ಸೀಮೆಯಲ್ಲಿ. ಕಾವೇರಿಯ ನಾಡಿನ ಒಂದು ಗುರುಪರಂಪರೆ ಘಟಪ್ರಭೆಯ ನಾಡಿನ ಒಂದು ಹಳ್ಳಿಗುಡಿಯನ್ನು ನೋಡಿಕೊಳ್ಳುತ್ತಿತ್ತೆಂದರೆ ಅಂದಿನ ಕನ್ನಡ ನಾಡಿನ ಹೆಣಿಗೆ ಎಷ್ಟು ಬಿಗಿಯಾಗಿತ್ತೆಂಬುದನ್ನು ಊಹಿಸಬಹುದು. ಬೆಳಗಾವಿಯ ಕೋಟೆಯೊಳಗಿನ ರಟ್ಟ ಜಿನಾಲಯದ ದತ್ತಿಯೂ ಅದೇ ವರ್ಷದ್ದು, ಅದೇ ಶುಭಚಂದ್ರರ ಕೈಗೆ ಸಂದದ್ದು.

ಊರಿನ ಒಡೆಯ ಗುಡಿಯನ್ನು ಕಟ್ಟಿಸುವುದು, ಹೊರಗಿನ ಪರಂಪರೆಯೊಂದರ ಗುರು ಅದನ್ನು ವಹಿಸಿಕೊಳ್ಳುವುದು, ಭೂಮಿಯೂ ಊರಿನ ಆದಾಯದ ಪಾಲೂ ಅದಕ್ಕೆ ಸಲ್ಲುವುದು: ನನ್ನ ಅಧ್ಯಾಪಕರು ಹೇಳಿದ ‘ಅದರಂಗ’ ಎಂಬುದು ಇಷ್ಟರ ಮಟ್ಟಿಗೆ ನಿಜವೇ ಆಗಿತ್ತು. ಅಲ್ಲಿ ಸಿವುಡಿನ ಹತ್ತನೆಯ ಪಾಲು; ನಮ್ಮಲ್ಲಿ ಮತ್ತರು, ಕಂಬಗಳ ಲೆಕ್ಕದಲ್ಲಿ ಅಳೆದ ನೆಲ, ಹೂದೋಟ, ಗಾಣದ ಎಣ್ಣೆ, ಸಂತೆಗೆ ಬಂದ ಹೇರಿನ ಮೇಲೆ ಇಷ್ಟು ಎಂಬ ಸುಂಕ. ಲೆಕ್ಕದ ರೀತಿ ಬೇರೆ, ಒಳಗಿನ ವ್ಯವಸ್ಥೆ ಒಂದೇ.

ಒಂದು ವರ್ಷದ ಅಂತರ

ಹೋಲಿಕೆಯ ಇನ್ನೊಂದು ಸ್ವಾರಸ್ಯವನ್ನು ಕೊಣ್ಣೂರಿನಲ್ಲಿ ನೋಡಬಹುದು. ಗೋಕಾಕ ಜಲಪಾತಕ್ಕೆ ಹೋದವರು ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯನ್ನು ನೋಡಿ, ತೂಗುಸೇತುವೆಯ ಮೇಲೆ ನಡೆದು, ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಹತ್ತಿರದಲ್ಲೇ ಇರುವ ಕೊಣ್ಣೂರಿಗೆ ಹೋಗುವವರು ಕಡಿಮೆ. ಆ ಊರಿನ ಆಸುಪಾಸಿನಲ್ಲಿ ಇತಿಹಾಸಕ್ಕೂ ಹಿಂದಿನ ಕಾಲದ ಕಲ್ಲುಗೋರಿಗಳಿವೆ. ಶಾಸನದಲ್ಲಿ ಅದರ ಹೆಸರು ಕೊಂಡನೂರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, 1087ರಲ್ಲಿ, ಆ ಊರಿನ ಒಡೆಯ ನಿಧಿಯಮನು ಅಲ್ಲಿ ಒಂದು ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟನು. ಅದೇ ಶಾಸನದಲ್ಲಿ 1121ರ ದತ್ತಿಯ ಮಾತೂ ಸೇರಿಕೊಂಡಿದೆ.

ಇಂಗ್ಲಂಡಿನಲ್ಲಿ ವಿಜೇತ ವಿಲಿಯಂ ಅರಸನು ತನ್ನ ರಾಜ್ಯದ ಊರೂರಿನ ಭೂಮಿ, ನೇಗಿಲು, ಬೀಸುವ ಗಿರಣಿ ಇವುಗಳ ಲೆಕ್ಕ ಬರೆಸಿದ ‘ಡೂಮ್ಸ್‌ಡೇ’ ಪುಸ್ತಕ 1086ರದು. ಅಲ್ಲಿಯ ಎಷ್ಟೋ ಹಳ್ಳಿಗಳು ತಮ್ಮ ಚರಿತ್ರೆಯನ್ನು ಆರಂಭಿಸುವುದು ಆ ಪುಸ್ತಕದ ಒಂದು ಸಾಲಿನಿಂದ. ಅದರಲ್ಲಿ ಪಾದ್ರಿಯ ಹೆಸರೋ ಚರ್ಚಿನ ಹೆಸರೋ ಬಂದಿದ್ದರೆ ಆ ಊರಿನವರಿಗೆ ಅದೊಂದು ಹೆಮ್ಮೆ. ನಮ್ಮ ಕೊಣ್ಣೂರಿನ ಬರಹ ಅದಕ್ಕಿಂತ ಒಂದೇ ವರ್ಷ ಕಿರಿಯದು. ಆದರೆ ಒಂದು ಭೇದವಿದೆ. ಡೂಮ್ಸ್‌ಡೇ ಪುಸ್ತಕವು ಅರಸನು ತೆರಿಗೆಯ ಸಲುವಾಗಿ ಬರೆಸಿದ ಲೆಕ್ಕ. ಅದನ್ನು ಬರೆದದ್ದು ಲ್ಯಾಟಿನ್ನಿನಲ್ಲಿ, ಅದು ಉಳಿದದ್ದು ಅರಸನ ಭಂಡಾರದಲ್ಲಿ. ನಮ್ಮ ಕಲ್ಲು ನಿಂತದ್ದು ಊರಿನಲ್ಲಿ. ಅದರ ಆರಂಭದಲ್ಲಿ ಸಂಸ್ಕೃತ ಶ್ಲೋಕವಿದ್ದರೂ ‘ಇಷ್ಟು ಭೂಮಿ, ಇಂಥ ಎಲ್ಲೆ, ಇಂಥವರು ನಡೆಸತಕ್ಕದ್ದು’ ಎಂಬ ಭಾಗ ಬಂದೊಡನೆ ಮಾತು ಊರಿನವರ ಕನ್ನಡಕ್ಕೆ ಇಳಿಯುತ್ತದೆ. ಯಾರು ನಡೆಸಬೇಕೋ ಅವರಿಗೆ ಅರ್ಥವಾಗಬೇಕಲ್ಲವೆ? ಅವರು ತಮ್ಮ ಚರಿತ್ರೆಯನ್ನು ಪುಸ್ತಕದಲ್ಲಿ ಹುಡುಕಬೇಕು. ನಮ್ಮ ಚರಿತ್ರೆ ಗುಡಿಯ ಮುಂದೆ, ನಾವು ಚಪ್ಪಲಿ ಬಿಡುವಲ್ಲಿ ನಿಂತಿತ್ತು.

ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿಯೂ ಇದೇ ಕಾರ್ತವೀರ್ಯನ ಕಾಲದ, 1199ರ ಶಾಸನವಿದೆ. ಮುಂದೆ ಹದಿಮೂರನೆಯ ಶತಮಾನದ ನಡುವಿನ ಹೊತ್ತಿಗೆ ರಟ್ಟರು ದೇವಗಿರಿಯ ಸೇವುಣರ ಕೈಯಲ್ಲಿ ಅಳಿದರು. ಕಾಲಕ್ರಮದಲ್ಲಿ ಈ ಸೀಮೆ ವಿಜಾಪುರದ ಆದಿಲಶಾಹಿಗೆ ಸೇರಿತು. ಹುಕ್ಕೇರಿಯ ಗುಮ್ಮಟಗಳು ಆ ಕಾಲದ ನೆನಪು. ಅರಸರು ಬದಲಾದರು, ಊರಿನ ದೇವರುಗಳೂ ಎಷ್ಟೋ ಕಡೆ ಬದಲಾದರು. ಬಸದಿ ಇದ್ದಲ್ಲಿ ಲಿಂಗ ಬಂದಿರಬಹುದು, ಲಿಂಗವಿದ್ದಲ್ಲಿ ಮತ್ತೊಂದು. ಇದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಇಂಗ್ಲಂಡಿನಲ್ಲಿಯೂ ಹದಿನಾರನೆಯ ಶತಮಾನದ ಮತಸುಧಾರಣೆಯಲ್ಲಿ ಹಳ್ಳಿಯ ಚರ್ಚುಗಳ ವಿಗ್ರಹಗಳನ್ನು ಕಿತ್ತರು, ಗೋಡೆಯ ಚಿತ್ರಗಳ ಮೇಲೆ ಸುಣ್ಣ ಬಳಿದರು. ಆ ಸುಣ್ಣವೇ ಎಷ್ಟೋ ಚಿತ್ರಗಳನ್ನು ಕಾಪಾಡಿತು. ಶತಮಾನಗಳ ಮೇಲೆ ಸುಣ್ಣದ ಪದರನ್ನು ಮೆಲ್ಲನೆ ತೆಗೆದಾಗ ಒಳಗಿನ ಬಣ್ಣ ಕಾಣಿಸಿಕೊಂಡಿತು.

ಓದಿದವನು ಯಾರು?

ಕಲ್ಲೋಳಿಯ ಕಲ್ಲನ್ನು ಈ ಕಾಲದಲ್ಲಿ ಓದಿ ಅಚ್ಚುಹಾಕಿಸಿದವನು ಜಾನ್ ಫೇಯ್ತ್‌ಫುಲ್ ಫ್ಲೀಟ್. 1847ರಲ್ಲಿ ಹುಟ್ಟಿ, ಇಪ್ಪತ್ತು ವರ್ಷದ ತರುಣನಾಗಿ ಮುಂಬಯಿ ಪ್ರಾಂತದ ನೌಕರಿಗೆ ಬಂದ ಈ ಇಂಗ್ಲಿಷ್ ಅಧಿಕಾರಿ ನಮ್ಮ ಭಾಗದಲ್ಲಿ ಕೆಲಸ ಮಾಡುತ್ತ ಹಳಗನ್ನಡವನ್ನು ಕಲಿತನು; ಸವದತ್ತಿ, ಬೆಳಗಾವಿಗಳ ರಟ್ಟರ ಶಾಸನಗಳನ್ನು 1870ರ ದಶಕದಲ್ಲಿ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನೂ ಅವನೇ. 1883ರಲ್ಲಿ ಸರಕಾರದ ಮೊದಲ ಶಾಸನತಜ್ಞನ ಹುದ್ದೆ ಅವನಿಗೆ ಬಂತು.

ಊರ ಚರ್ಚಿನ ದಫ್ತರವನ್ನು ನೋಡಿ ಬೆಳೆದ ನಾಡಿನವನೊಬ್ಬ ನಮ್ಮ ಊರ ಗುಡಿಯ ದಫ್ತರವನ್ನು ಗುರುತು ಹಿಡಿದನು. ನಮ್ಮವರಲ್ಲಿ ಹೆಚ್ಚಿನವರು ಅದನ್ನು ಓದಲಾರದವರಾಗಿದ್ದರು. ಲಿಪಿ ಬದಲಾಗಿತ್ತು, ಭಾಷೆ ಬದಲಾಗಿತ್ತು. ಬೆಳಗಾವಿಯ ರಟ್ಟ ಜಿನಾಲಯದ ಎರಡು ಶಾಸನಗಳಂತೂ ಸಮುದ್ರ ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿದವು. ಕಲ್ಲು ಹೋದದ್ದಕ್ಕೆ ನಾವು ಮರುಗುತ್ತೇವೆ, ಮರುಗಬೇಕಾದದ್ದೇ. ಆದರೆ ಹೋಗದೆ ಉಳಿದ ಕಲ್ಲುಗಳನ್ನು ನಾವು ಏನು ಮಾಡಿದೆವು?

ಊರು ಹೋದಮೇಲೆ ಉಳಿದ ಗುಡಿ

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹಲವು ಊರುಗಳು ನೀರಿನಡಿಯಾದವು. ಹುನ್ನೂರಿನ ವಿಠ್ಠಲ ಮಂದಿರ ಅವುಗಳಲ್ಲಿ ಒಂದರದು. ಅದು ಹಳೆಯ ಕಾಲದ ಗುಡಿಯಲ್ಲ. ಆದರೆ ಮಳೆ ತಡವಾಗಿ ಜಲಾಶಯ ಬರಿದಾದ ವರ್ಷಗಳಲ್ಲಿ ಆ ಗುಡಿ ಕೆಸರಿನ ನಡುವೆ ಇಡಿಯಾಗಿ ಕಾಣಿಸಿಕೊಳ್ಳುತ್ತದೆ. ಜನ ತಂಡತಂಡವಾಗಿ ನೋಡಲು ಬರುತ್ತಾರೆ. ಊರಿಲ್ಲದ ಗುಡಿಯನ್ನು ಕಂಡಾಗ, ಗುಡಿ ಎಂದರೆ ಗೋಡೆ ಶಿಖರಗಳಷ್ಟೇ ಅಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಇಂಗ್ಲಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ವಾರಮ್ ಪರ್ಸಿ ಎಂಬ ಇಂಥದೇ ಒಂದು ಸ್ಥಳವಿದೆ. ಅಲ್ಲಿ ಊರನ್ನು ಅಳಿಸಿದ್ದು ನೀರಲ್ಲ, ಕುರಿ. ಉಣ್ಣೆಯ ಲಾಭಕ್ಕಾಗಿ 1500ರ ಆಸುಪಾಸಿನಲ್ಲಿ ಒಡೆಯರು ಕೊನೆಯ ಒಕ್ಕಲುಗಳನ್ನೂ ಎಬ್ಬಿಸಿ, ಹೊಲಗಳನ್ನು ಕುರಿಯ ಹುಲ್ಲುಗಾವಲು ಮಾಡಿದರು. ಊರು ಹೋಯಿತು; ಸಂತ ಮಾರ್ಟಿನನ ಹೆಸರಿನ ಚರ್ಚು ಉಳಿಯಿತು. ಈಗ ಅದಕ್ಕೆ ಸೂರಿಲ್ಲ. 1950ರಿಂದ 1990ರವರೆಗೆ, ನಾಲ್ವತ್ತು ವರ್ಷ, ವಿದ್ವಾಂಸರು ಬೇಸಗೆಬೇಸಗೆಗೂ ಆ ಹಾಳೂರನ್ನು ಅಗೆದು ನೋಡಿದರು. ಊರಿನಲ್ಲಿ ಜನ ಹೆಚ್ಚಿದಾಗ ಚರ್ಚಿಗೆ ಪಕ್ಕದ ಅಂಕಣಗಳನ್ನು ಕೂಡಿಸಿದ್ದರು. ಜನ ಕಡಿಮೆಯಾದಾಗ ಅವನ್ನು ತೆಗೆದು, ಕಮಾನುಗಳನ್ನು ಗೋಡೆಯಿಂದ ಮುಚ್ಚಿದ್ದರು. ಆ ಮುಚ್ಚಿದ ಕಮಾನುಗಳ ಗುರುತು ಗೋಡೆಯಲ್ಲಿ ಹಾಗೆಯೇ ಇದೆ. ಒಂದು ಊರಿನ ಏಳುಬೀಳನ್ನು ಒಂದು ಗೋಡೆ ಹೇಳಿತು. ಆ ಗೋಡೆಯನ್ನು ಯಾರೂ ಹೊಸದು ಮಾಡದೆ ಇದ್ದುದರಿಂದಲೇ ಅದು ಹೇಳಲು ಸಾಧ್ಯವಾಯಿತು.

ಜೀರ್ಣೋದ್ಧಾರವೆಂಬ ಮಾತು

ಇಲ್ಲಿಗೆ ನಾನು ನನ್ನ ತಪ್ಪೊಪ್ಪಿಗೆಗೆ ಬರಬೇಕು.

ನಮ್ಮ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಹಳಸಿ ಸಡಿಲವಾದದ್ದು; ಅದನ್ನು ಎತ್ತಿ ನಿಲ್ಲಿಸುವುದು ಉದ್ಧಾರ. ದಾನಿಯು ಪೂಜೆಗೆ ಬಿಟ್ಟಂತೆ, ಯತಿಗಳ ಆಹಾರಕ್ಕೆ ಬಿಟ್ಟಂತೆ, ದುರಸ್ತಿಗೂ ಭೂಮಿ ಬಿಡುತ್ತಿದ್ದ. ಇಂದು ಕಟ್ಟಿದ್ದು ನಾಳೆ ಬಿರಿಯುತ್ತದೆಂಬ ಅರಿವು ಕಟ್ಟುವ ದಿನವೇ ಅವನಿಗಿತ್ತು. ಈ ವಿಷಯವನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ವಿವರಿಸಿದ್ದೇನೆ.

ಘಟಪ್ರಭೆಯ ದಂಡೆಯ ನನ್ನ ಸಣ್ಣ ಊರಿನ ಗುಡಿಯ ಮುಂದೆ, ಕಟ್ಟೆಗೆ ಆತು, ಒಂದು ಬರಹದ ಕಲ್ಲಿತ್ತು. ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು. ಕೆಳಗೆ ಸಾಲುಸಾಲು ಅಕ್ಷರ. ನಮ್ಮ ಹಿರಿಯರು ಅದರ ಅಂಚಿಗೆ ಕುಡುಗೋಲು ಮಸೆಯುತ್ತಿದ್ದರು. ನಾನು ಅದರ ಮೇಲೆ ಕುಳಿತು ಹಾರಿದವನು. ಎಂ.ಎ. ಮುಗಿಸಿ ಊರಿಗೆ ಬಂದಾಗ ಒಂದು ಸಂಜೆಯ ಓರೆ ಬಿಸಿಲಿನಲ್ಲಿ ಅದರ ಮುಂದೆ ಕುಳಿತೆ. ಕೆಲವು ಪದಗಳನ್ನು ಹಿಡಿಯಲು ಸಾಧ್ಯವಾಯಿತು. ‘ಗಾಣ’ ಎಂಬುದು ಸ್ಪಷ್ಟವಾಗಿತ್ತು. ದೇವರ ದೀಪಕ್ಕೆ ಗಾಣದ ಎಣ್ಣೆ ಬಿಟ್ಟದ್ದಿರಬೇಕು. ಮುಂದಿನ ರಜೆಯಲ್ಲಿ ಕಾಗದ, ಮಸಿ ತಂದು ಪಡಿಯಚ್ಚು ತೆಗೆಯೋಣವೆಂದುಕೊಂಡೆ. ಆ ಮುಂದಿನ ರಜೆ ಹನ್ನೆರಡು ವರ್ಷ ಬರಲಿಲ್ಲ.

ಆಮೇಲೆ ಊರವರು ಗುಡಿಯ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಬುನಾದಿಯ ಪೂಜೆಗೆ ನನ್ನನ್ನು ಕರೆದರು. ನಾನು ಹೋಗಿ ಅರ್ಧ ಗಂಟೆ ಮಾತನಾಡಿದೆ; ‘ಜೀರ್ಣೋದ್ಧಾರ’ ಪದದ ವ್ಯುತ್ಪತ್ತಿಯನ್ನೂ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಹಳೆಯ ಕಲ್ಲಿನ ಗುಡಿಯನ್ನು ಪೂರ್ತಿ ಬಿಚ್ಚಿ ಸಿಮೆಂಟಿನದನ್ನು ಕಟ್ಟುತ್ತಾರೆಂಬುದು ನನಗೆ ಗೊತ್ತಿತ್ತು. ಆ ಕಲ್ಲಿನ ವಿಚಾರ ನಾಲಗೆಯ ತುದಿಗೆ ಬಂದಿತ್ತು. ಸಂತೋಷದ ಹೊತ್ತಿನಲ್ಲಿ ಅಡ್ಡ ಮಾತೇಕೆಂದು ಸುಮ್ಮನಾದೆ. ಆರು ತಿಂಗಳ ಮೇಲೆ ಹೋದಾಗ ಗುಡಿ ಎದ್ದಿತ್ತು, ಕಲ್ಲು ಇರಲಿಲ್ಲ. ಬುನಾದಿಗೆ ತುಂಬಿದ ಕಲ್ಲುಗಳಲ್ಲಿ ಅದೂ ಒಂದಾಗಿತ್ತು.

ನನ್ನ ಮುಖ ಸಪ್ಪಗಾದುದನ್ನು ಕಂಡು, ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೇಳಿದರು. ನಾನು, “ಕಾಕಾ, ಆ ಬರಹದ ಕಲ್ಲು ಹೋತಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತಮ್ಮಾ, ನೀ ಕಾಲೇಜಿನ್ಯಾಗ ಕಲಸಾಂವ. ಅದರ ಮ್ಯಾಲ ಏನ ಬರದಾರಂತ ಒಂದ ದಿನಾ ನಮಗ ಹೇಳಲಿಲ್ಲ. ಓದಾಕ ಬರದವರಿಗೆ ಅದು ಬರೇ ಕಲ್ಲ ಅಲ್ಲೇನು?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಶಾಸನಗಳ ಕೊನೆಯಲ್ಲಿ, ಧರ್ಮವನ್ನು ಕೆಡಿಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುವನೆಂಬ ಶಾಪವಿರುತ್ತದೆ. ಅದನ್ನು ಓದಲು ಬಲ್ಲವನು ಊರಿನಲ್ಲಿ ನಾನೊಬ್ಬನೇ ಆಗಿದ್ದೆ.

ಈ ಮಾತು ಬದಲಾದದ್ದು ನಮ್ಮಲ್ಲಿ ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಂಡಿನಲ್ಲಿಯೂ ಚರ್ಚುಗಳ ಜೀರ್ಣೋದ್ಧಾರದ ಹುಮ್ಮಸ್ಸು ಹಬ್ಬಿ, ಹಳೆಯ ಗಾರೆಯನ್ನು ಕೆರೆದು, ಗೋಡೆಗಳನ್ನು ಕೆಡವಿ, ‘ಶುದ್ಧ’ವಾದ ಹಳೆಯ ಶೈಲಿಯಲ್ಲಿ ಹೊಸದನ್ನು ಕಟ್ಟತೊಡಗಿದರು. ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್ ಇದನ್ನು ಕಂಡು ಸಿಡಿದೆದ್ದು, 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನು ಸ್ಥಾಪಿಸಿದನು. ಗೋಡೆ ಕೆರೆಯುವುದಕ್ಕೆ ಎದುರಾದ ಸಂಘವೆಂಬ ಅಡ್ಡಹೆಸರೂ ಅದಕ್ಕಿತ್ತು. ಅವನು ಹೇಳಿದ್ದರ ಸಾರ ಇಷ್ಟೆ: ಹೊಸದು ಮಾಡಬೇಡಿ, ದಿನದಿನವೂ ನೋಡಿಕೊಳ್ಳಿರಿ, ಸೋರಿದಲ್ಲಿ ಮುಚ್ಚಿರಿ, ವಾಲಿದಲ್ಲಿ ಊರೆ ಕೊಡಿರಿ. ಖಂಡಸ್ಫುಟಿತ ಜೀರ್ಣೋದ್ಧಾರವೆಂದು ನಮ್ಮ ಹಳ್ಳಿಯ ಒಡೆಯರು ಕಲ್ಲಿನಲ್ಲಿ ಬರೆಸಿದ್ದೂ ಇದನ್ನೇ.

ಊರಿನವರು ಗುಡಿಯನ್ನು ಚೆಂದ ಮಾಡಬಾರದೆಂದು ನಾನು ಹೇಳಲಾರೆ. ಸೋರುವ ಗುಡಿಯಲ್ಲಿ ಪೂಜೆ ಮಾಡುವವರು ಅವರು. ಪಟ್ಟಿ ಕೊಡುವವರೂ ಅವರೇ. ಆದರೆ ಕೆಡಹುವ ಮೊದಲು ಕಲ್ಲು ಏನು ಹೇಳುತ್ತದೆಂಬುದನ್ನು ಅವರ ಕಿವಿಗೆ ಹಾಕುವುದು ಓದಬಲ್ಲವರ ಹೊಣೆ. ಆ ಹೊಣೆಯಲ್ಲಿ ನಾನು ತಪ್ಪಿದೆ.

ಈಗ ತಿಂಗಳಿಗೊಂದು ರವಿವಾರ ನಾಲ್ಕಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಯಾವುದಾದರೊಂದು ಹಳ್ಳಿಗೆ ಹೋಗುತ್ತೇನೆ. ಕಲ್ಲಿಗೆ ಸೀಮೆಸುಣ್ಣ ತಿಕ್ಕುವುದಿಲ್ಲ, ಎಣ್ಣೆ ಹಚ್ಚುವುದಿಲ್ಲ. ನೀರಿನಿಂದ ಮೆಲ್ಲನೆ ತೊಳೆದು, ಹೊತ್ತು ಇಳಿಯುವವರೆಗೆ ಕಾಯುತ್ತೇವೆ. ಓರೆ ಬೆಳಕು ಬಿದ್ದಾಗ ಅಕ್ಷರದ ಹೊಂಡಗಳಲ್ಲಿ ನೆರಳು ನಿಲ್ಲುತ್ತದೆ. ಆಗ ವಿದ್ಯಾರ್ಥಿಗಳು ಒಂದೊಂದೇ ಸಾಲನ್ನು ಬಿಡಿಸಿ ಗಟ್ಟಿಯಾಗಿ ಓದುತ್ತಾರೆ. ಅದರ ಅರ್ಥವನ್ನು ಇಂದಿನ ಮಾತಿನಲ್ಲಿ ಹೇಳುತ್ತಾರೆ. ಸುತ್ತ ಹತ್ತಿಪ್ಪತ್ತು ಜನ ಸೇರುತ್ತಾರೆ. ಮೊನ್ನೆ ಒಂದೂರಿನಲ್ಲಿ ಭೂಮಿಯ ಎಲ್ಲೆಯನ್ನು ಓದುತ್ತಿದ್ದಾಗ, “ಅದು ನಮ್ಮ ಹೊಲದ ಬದುವಿನ ಹಳ್ಳರೀ!” ಎಂದು ಒಬ್ಬ ರೈತ ಕೂಗಿದ. ಮರುದಿನ ಅವನೇ ಆ ಕಲ್ಲಿನ ಸುತ್ತಲಿನ ಮುಳ್ಳು ಕಡಿದು ಸ್ವಚ್ಛಮಾಡಿದನಂತೆ.